ನರ್ಸಮ್ಮ ಕೇಳಿದ ಬಟ್ಟಲು

ಹಾಲು ಕಾಯಿಸಿದೆ. ನಲ್ಲಿ ಬಂದಿತ್ತು, ನಾಲ್ಕು ಕೊಡ ಹಿಡಿದೆ. ಅಂಗಳದಲ್ಲಿ ಹರವಿದ್ದ ಮೆಕ್ಕೆಜೋಳ ತಿರುವಿ ಹಾಕಿದೆ. ನಮ್ಮ ಯಜಮಾನರ ಬಿಳಿ ಅಂಗಿಗೆ ಇಸ್ತ್ರಿ ಮಾಡಿದೆ. ಆಮೇಲೆ ಹಿಂದಿನ ಬೀದಿಗೆ ಹೋಗಿ ತೀರಿಹೋದ ನರ್ಸಮ್ಮನ ಕೈ ತೊಳೆದೆ. ಆಸ್ಪತ್ರೆಯ ಸೋಪಿಗೆ ಸುಲಿದು ಬೆಳ್ಳಗಾದ ಅಂಗೈ, ಕಪ್ಪಗೆ ಗಟ್ಟಿಯಾಗಿದ್ದ ಹೆಬ್ಬೆರಳ ಉಗುರು. ತೋರುಬೆರಳು ಮಾತ್ರ ಇನ್ನೂ ಯಾರನ್ನೋ ಗದರಿಸುವಂತೆ ನೆಟ್ಟಗೇ ಇತ್ತು.

ಜಗಳೂರಿನ ಸುತ್ತಲ ಹಳ್ಳಿಗಳಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿದ ಕೈ ಅದು. ಹೊನ್ನಾಳಿ ಕಡೆಯವರು, ವರ್ಗವಾಗಿ ಬಂದು ಇಲ್ಲೇ ಉಳಿದರು. ನಮ್ಮ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ಮುಂದಿನ ಚಾಪೆ ಅವರದು. ಯಾರಾದರೂ ಪ್ರಾರ್ಥನೆ ಉದ್ದ ಮಾಡಿದರೆ ನಡುವೆಯೇ ಜೋರಾಗಿ "ಆಮೆನ್" ಅಂದುಬಿಡುತ್ತಿದ್ದರು. "ದೇವರಿಗೂ ಬ್ಯಾರೆ ಕೆಲಸ ಐತೆ ಕಣವ್ವಾ" ಅನ್ನುವರು.

ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ನಮ್ಮಲ್ಲಿದ್ದದ್ದು ಒಂದೇ ಬಟ್ಟಲು, ಬೆಳ್ಳಿ ಲೇಪದ್ದು. ದ್ರಾಕ್ಷಾರಸ ತುಂಬಿದ ಆ ಬಟ್ಟಲು ಬಾಯಿಂದ ಬಾಯಿಗೆ ಹೋಗುತ್ತಿತ್ತು. ಆರು ವರ್ಷದ ಹಿಂದೆ ಊರಾಚೆಯ ಕೇರಿಯ ಮೂರು ಮನೆಯವರು ಸಭೆಗೆ ಬರತೊಡಗಿದರು. ಎರಡೇ ತಿಂಗಳಿಗೆ ನಮ್ಮ ಹಿರಿಯರಿಗೆ ಶುಚಿತ್ವ ನೆನಪಾಯಿತು. ಯಜಮಾನರೂ ಆ ಹಿರಿಯರಲ್ಲಿ ಒಬ್ಬರು. ಎಲ್ಲರಿಗೂ ಬೇರೆ ಬೇರೆ ಲೋಟ ಇರಲಿ ಎಂದು ತೀರ್ಮಾನವಾಯಿತು. ದಾವಣಗೆರೆಗೆ ಹೋಗಿ ಬೆರಳುದ್ದದ ಸ್ಟೀಲ್ ಲೋಟ ತಂದು, ಅವ್ವನ ನೆನಪಿಗೆಂದು ಸಭೆಗೆ ಕೊಟ್ಟವಳು ನಾನು. ಈಗಲೇ ಯಾಕೆ ಎಂದು ಕೇಳಬೇಕು ಅನ್ನಿಸಿತ್ತು. ಕೇಳಲಿಲ್ಲ. ಹಳೆಯ ಬಟ್ಟಲು ನನ್ನ ಟ್ರಂಕು ಸೇರಿತು.

ಮೊದಲ ಭಾನುವಾರ ನರ್ಸಮ್ಮ ಲೋಟ ಎತ್ತಿ ನೋಡಿ, ತಟ್ಟೆಯಲ್ಲಿ ವಾಪಸ್ಸಿಟ್ಟರು.

"ಟಿಬಿ ಐತೆ ಅಂತ ನಾನೇ ಗುಳಿಗೆ ಕೊಟ್ಟ ಮನುಷ್ಯ ಆ ಬಟ್ಟಲಾಗೆ ನಮಗಿಂತ ಮುಂಚೆ ಕುಡಿದ. ಆಗ ಬರದ ಅಂಜಿಕೆ ಈಗ ಬಂತೇನ್ರೀ?"

"ಹಂಗಲ್ಲ ನರ್ಸಮ್ಮಾ, ಇದು ಆರೋಗ್ಯದ ವಿಚಾರ" ಎಂದರು ಯಜಮಾನರು.

"ನಿನ್ನ ಹೊಕ್ಕಳು ಕೊಯ್ದೋಳು ನಾನು ಕಣಪ್ಪಾ. ನಿಮ್ಮವ್ವನ ಬೆನ್ನು ಹಿಡಿದು ಕುಂತಿದ್ದೋಳು ಕೇರಿಯ ಸೂಲಗಿತ್ತಿ. ಅವಳ ಕೈ ನೋಡಿ ನೀನೇನು ತಿರುಗಿ ಒಳಗೆ ಹೋದ್ಯಾ?"

ಯಾರೋ ನಕ್ಕರು. ಯಜಮಾನರು ನಗಲಿಲ್ಲ. ಲೋಟಗಳು ಹಾಗೇ ಉಳಿದವು.

ಅಂದಿನಿಂದ ನರ್ಸಮ್ಮ ಕೇರಿಯ ಹೆಂಗಸರ ಜೊತೆ ಹಿಂದಿನ ಚಾಪೆಯಲ್ಲಿ ಕೂತರು. ಒಂದು ಭಾನುವಾರವೂ ತಪ್ಪಿಸಲಿಲ್ಲ. ಆದರೆ ಲೋಟದ ತಟ್ಟೆ ಬಂದಾಗ ಮುಟ್ಟದೆ ಪಕ್ಕಕ್ಕೆ ದಾಟಿಸುವರು. ಆರು ವರ್ಷ ಆ ಹೆಂಗಸು ಕರ್ತನ ಭೋಜನವಿಲ್ಲದೆ ಇದ್ದರು. ಅದು ಅವರಿಗೆ ಎಂಥ ಉಪವಾಸವೆಂದು ವಿಶ್ವಾಸಿಗಳಿಗೆ ಹೇಳಬೇಕಿಲ್ಲ.

ಕಳೆದ ವಾರ ಅವರಿಗೆ ಉಸಿರು ಎಳೆಯತೊಡಗಿತು. ನೋಡಿಕೊಳ್ಳುತ್ತಿದ್ದವಳು ಕೇರಿಯ ಹೆಂಗಸೊಬ್ಬಳೇ. ಪಾಸ್ಟರ್ ರೊಟ್ಟಿ, ದ್ರಾಕ್ಷಾರಸ ತಂದರು. ಯಜಮಾನರೂ ನಾನೂ ಜೊತೆಗೆ ಹೋಗಿದ್ದೆವು.

"ಈಗಲಾದ್ರೂ ತಗೊಳ್ಳಮ್ಮಾ" ಎಂದರು ಪಾಸ್ಟರ್.

ನರ್ಸಮ್ಮ ಆ ಸಣ್ಣ ಲೋಟ ನೋಡಿದರು. ಆಮೇಲೆ ಕಾಲ ಬಳಿ ಕೂತಿದ್ದ ಕೇರಿಯ ಹೆಂಗಸಿನತ್ತ ಬೆರಳು ತೋರಿದರು. "ಆ ಬಟ್ಟಲು ತರ್ರಿ ಅಯ್ಯನೋರೆ. ಮೊದಲು ಇವಳು ಕುಡೀಲಿ, ಆಮ್ಯಾಕೆ ನಾನು."

ಪಾಸ್ಟರ್ ಯಜಮಾನರ ಮುಖ ನೋಡಿದರು. ಯಜಮಾನರು ಗೋಡೆ ನೋಡಿದರು. ನರ್ಸಮ್ಮ ನನ್ನನ್ನು ನೋಡಿದರು. ಬಟ್ಟಲು ಎಲ್ಲಿದೆಯೆಂದು ಅವರಿಗೆ ಗೊತ್ತಿತ್ತು. ನಮ್ಮ ಮನೆಗೆ ಐದು ನಿಮಿಷದ ದಾರಿ. ನಾನು ಅವರ ಹೊದಿಕೆ ಸರಿಮಾಡಿದೆ, ಅಷ್ಟೇ.

ಇವತ್ತು ನಸುಕಿಗೆ ತೀರಿಹೋದ ಸುದ್ದಿ ಬಂತು. ಮನೆಗೆಲಸ ಮುಗಿಸಿ, ಹುಣಸೆಹಣ್ಣು ಹಾಕಿ ಬಟ್ಟಲು ಬೆಳಗಿ, ಸೆರಗಿನಲ್ಲಿ ಸುತ್ತಿಕೊಂಡು ಹೋದೆ. ಆಗಲೇ ಬಾಯಿ ಮುಚ್ಚಿ ಗಲ್ಲ ಕಟ್ಟಿದ್ದರು.

ಮಣ್ಣು ಮಾಡಿ ಬಂದ ಮೇಲೆ ಸಭೆಯವರು ಒಬ್ಬೊಬ್ಬರಾಗಿ ಕೆಲಸದ ನೆಪ ಹೇಳಿ ಹೊರಟರು. ಅಡುಗೆ ಮಾಡಿದ್ದವಳು ಆ ಕೇರಿಯ ಹೆಂಗಸು. ಬಟ್ಟಲಿಗೆ ನೀರು ತುಂಬಿ ಅವಳಿಗೆ ಕೊಟ್ಟೆ. ನನ್ನ ಮುಖ ನೋಡಿ ಕುಡಿದಳು. ಉಳಿದದ್ದನ್ನು ನಾನು ಕುಡಿದೆ. ಬರೀ ನೀರು. ನರ್ಸಮ್ಮ ಕೇಳಿದ್ದು ಅದಲ್ಲ, ಕೇಳಿದ ದಿನವೂ ಇದಲ್ಲ.

"ತಡ ಆತಕ್ಕಾ" ಎಂದಳು ಅವಳು ಮೆಲ್ಲಗೆ.

ರಾಗಿಮುದ್ದೆ, ಹುರುಳಿಕಾಳಿನ ಸಾರು. ಇಬ್ಬರೇ ಉಂಡೆವು. ಮನೆಯಲ್ಲಿ ಯಜಮಾನರು ಬೆಳಗಿನ ಚಿತ್ರಾನ್ನ ತಿಂದಿದ್ದರು. ಬಟ್ಟಲನ್ನು ಟ್ರಂಕಿಗೆ ಹಾಕದೆ ಅವರೆದುರು ಮೇಜಿನ ಮೇಲಿಟ್ಟೆ. ಅದನ್ನು ನೋಡಿ ಅವರು ನನಗಿಂತ ಮೊದಲೇ ಹೋಗಿ ಮಲಗಿದರು.