ಒರೆಯಲ್ಲಿ ಕೂರದ ಕತ್ತಿ

ಹಳೆಯ ಫೌಜಿನ ಕತ್ತಿ ನೋಡಿ ಅಸಲಿಯೋ ನಕಲಿಯೋ ಹೇಳುವ ಹುಚ್ಚು ನನಗೆ. ತೋರಿಸಲು ಬಂದವರೆಲ್ಲ ಮೊದಲು ಅಲಗಿನ ಮೇಲೆ ಬೆರಳಾಡಿಸಿ ಹರಿತ ತೋರಿಸುತ್ತಾರೆ. ನನಗೆ ಮೈ ಉರಿಯುತ್ತದೆ. ಹರಿತ ಈಳಿಗೆಗೂ ಇರುತ್ತದೆ. ನೋಡಬೇಕಾದದ್ದು ಕತ್ತಿಯ ಬೆನ್ನು, ಹಿಡಿಕೆಯ ಬುಡ, ಅಲ್ಲಿ ಒತ್ತಿದ ಗುರುತು.

ಹೋದ ವರ್ಷ ಆಯುಧಪೂಜೆಯ ಖಂಡೇನವಮಿಗೆ ಮುಂಚೆ ಖಾನಾಪುರದ ನನ್ನ ಮಾವ ಈ ಹುಚ್ಚನ್ನೇ ನಂಬಿ ನನ್ನನ್ನು ಪಂಚನನ್ನಾಗಿ ಮಾಡಿದರು. ಅವರ ತಂದೆ ಕುದುರೆ ಪಡೆಯಲ್ಲಿದ್ದವರು. ಪಾಲಾಗುವಾಗ ಹಿಂದವಾಡಿಯ ಮನೆಯನ್ನು ಹಿರಿಯ ಮಗನಾದ ದೊಡ್ಡಮಾವನಿಗೂ ತಮ್ಮ ಕತ್ತಿಯನ್ನು ಕಿರಿಯ ಮಗನಾದ ನಮ್ಮ ಮಾವನಿಗೂ ಕೊಟ್ಟರಂತೆ. ಆದರೆ ದೊಡ್ಡಮಾವನ ಹತ್ತಿರವೂ ಒಂದು ಕತ್ತಿ ಇತ್ತು. ಅಪ್ಪನದು ತನ್ನಲ್ಲಿರುವುದೇ ಎಂದು ಅವರ ಹಠ.

"ಅದು ಅವ ಲಗ್ನದಾಗ ಮದಿಮಗ ಆಗಿ ಹಿಡಿದಿದ್ದು. ಬದನಿಕಾಯಿ ಹೆಚ್ಚಾಕೂ ಬರೂದಿಲ್ಲ" ಎಂದು ಮಾವ ಊರೆಲ್ಲ ಆಡಿಕೊಂಡು ತಿರುಗುತ್ತಿದ್ದರು.

ಕತ್ತಿಗೆ ಚಾದರ ಸುತ್ತಿ, ಬಸ್ಸಿನಲ್ಲಿ ಕೇಳಿದವರಿಗೆಲ್ಲ ಕಬ್ಬು ಎಂದು ಹೇಳಿ, ಮಾವ ಹಿಂದವಾಡಿಗೆ ತಂದರು. ಕತ್ತಿ ಒರೆಯಿಂದ ನಾಲ್ಕು ಬೆರಳು ಹೊರಗೇ ನಿಂತಿತ್ತು.

"ಇದ್ಯಾಕ ಪೂರ್ತಿ ಒಳಗ ಹೋಗೂದಿಲ್ಲರಿ ಮಾವಾರ?"

"ರಗತದ ರುಚಿ ನೋಡಿದ ಕತ್ತಿ, ಒರಿಯಾಗ ಹ್ಯಾಂಗ ಕುಂದರತೈತ್ರಿ?"

ವರ್ಷಗಟ್ಟಲೆ ಮೆತ್ತಿದ ವಿಭೂತಿ, ಕುಂಕುಮಗಳನ್ನು ಎಣ್ಣೆಬಟ್ಟೆಯಿಂದ ಒರೆಸಿದೆ. ಹಿಡಿಕೆಯ ತುದಿಯಲ್ಲಿ ಸೈಕಲ್ಲಿಗೆ ಹಾಕುವಂಥ ನಟ್ಟು ಕಾಣಿಸಿತು. ದೊಡ್ಡಮಾವನ ಕತ್ತಿಯನ್ನು ಒರೆಸಿದರೆ ಬೆನ್ನ ಮೇಲೆ ಫೌಜಿನ ಪುಟ್ಟ ಬಾಣದ ಗುರುತು, ಬುಡದಲ್ಲಿ ಪಲ್ಟಣಿನ ಅಂಕಿ. ನಿಜ ಹೇಳಿದರೆ ಇನ್ನು ಖಾನಾಪುರದಲ್ಲಿ ನನಗೆ ನೀರೂ ಹುಟ್ಟುವುದಿಲ್ಲ. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೇಳ್ರಿ ಅಳಿಯಾರ."

ಹೊತ್ತು ಕಳೆಯಲೆಂದು ಮಾವನ ಒರೆ ಎತ್ತಿಕೊಂಡೆ. ಅದರ ಬಾಯಿಯ ಮೇಲೂ ಅದೇ ಅಂಕಿ! ದೊಡ್ಡಮಾವನ ಕತ್ತಿಯನ್ನು ಅದರೊಳಗೆ ಬಿಟ್ಟೆ. ಸರಕ್ಕನೆ ಇಳಿದು ಕೂತಿತು.

ದೊಡ್ಡಮಾವ ಮೆಲ್ಲಗೆ ಹೇಳಿದರು: "ಪಾಲಾಗೂಕಿಂತ ಮೊದಲಿನ ಹಬ್ಬಕ್ಕ ಅವ್ವ ಎರಡೂ ತಿಕ್ಕಿ ಬಾಜೂಕ ಬಾಜೂ ಒಣಗಾಕ ಇಟ್ಟಿದ್ಲು. ಆವಾಗ ಅದಲಾಬದಲಿ ಆಗೇತಿ. ಅಪ್ಪನ ಕತ್ತಿ ಖರೇನ ನಿಂದ. ಒಯ್ಯಿ."

ಮಾವ ಗೆದ್ದಿದ್ದರು. ಅಪ್ಪನ ಕತ್ತಿಯನ್ನು ಹಣೆಗೆ ಒತ್ತಿಕೊಂಡರು. ಅವರ ಕಣ್ಣು ತುಂಬಿತ್ತು. ಆಮೇಲೆ ಅದನ್ನು ಒರೆಯಿಂದ ಎಳೆದು ಅಣ್ಣನ ಮುಂದೆಯೇ ಇಟ್ಟರು.

"ಇಷ್ಟ ವರ್ಷ ಇದಕ್ಕ ಬಾಯಿಗೆ ಬಂದಂಗ ಬೈದೀನಿ. ಯಾವ ಮಾರಿ ಇಟಕೊಂಡು ಪೂಜಿ ಮಾಡ್ಲಿ?"

ಲಗ್ನದ ಕತ್ತಿಯನ್ನೇ ಚಾದರದಲ್ಲಿ ಸುತ್ತಿ ಎದ್ದರು. ಒರೆಯನ್ನು ಮಾತ್ರ ಬಗಲಲ್ಲಿ ಇರುಕಿಕೊಂಡಿದ್ದರು.

"ಅದನ್ನರ ಬಿಟ್ಟು ಹೋಗೋ" ಎಂದರು ದೊಡ್ಡಮಾವ.

"ಅದು ಅಪ್ಪ ನನಗ ಕೊಟ್ಟಿದ್ದು. ಹಬ್ಬಕ್ಕ ನೀನ ಕತ್ತಿ ತಗೊಂಡು ಖಾನಾಪುರಕ್ಕ ಬಾ."