ಗುಬ್ಬಿ ಎಂಜಲಿಗೆ ಹೆದರದ ಅಕ್ಕೋರು

...ನಾವು ಹಂಚಿ ತಿನ್ನುತ್ತಿದ್ದದ್ದು ಪೇರಲವೋ ಶೇಂಗಾ ಚಿಕ್ಕಿಯೋ, ಖಚಿತವಿಲ್ಲ. ಮೊನ್ನೆ ಕಿತ್ತೂರಿನ ಬಸ್ ನಿಲ್ದಾಣದಲ್ಲಿ ಪೇರಲದ ವಾಸನೆ ಮೂಗಿಗೆ ಬಡಿದಾಗ ವಿಜ್ಞಾನ ಕಲಿಸುತ್ತಿದ್ದ ಅಕ್ಕೋರು ನೆನಪಾದರು. ಹಾಗಾಗಿ ಪೇರಲವೇ ಇರಬೇಕು ಎಂದು ಈಗ ಅಂದುಕೊಂಡಿದ್ದೇನೆ, ಅಷ್ಟೇ.

ತೊಂಬತ್ತರ ದಶಕದ ಕೊನೆ. ಬೈಲಹೊಂಗಲದ ಹೈಸ್ಕೂಲೊಂದಕ್ಕೆ ಕನ್ನಡ ಕಲಿಸಲು ಆಗಷ್ಟೇ ಸೇರಿದ್ದೆ. ಅಕ್ಕೋರು ನನಗಿಂತ ಏಳೆಂಟು ವರ್ಷ ದೊಡ್ಡವರು. ಶಿಕ್ಷಕರ ಕೋಣೆಯಲ್ಲಿ ಗಟ್ಟಿ ಪೇರಲವನ್ನು ಸೆರಗಿನಲ್ಲಿ ಸುತ್ತಿ, ಕಚ್ಚಿ ಎರಡು ಮಾಡಿ, ಅರ್ಧ ಅವರಿಗೆ ಕೊಡುತ್ತಿದ್ದೆ. ಬಟ್ಟೆ ಅಡ್ಡವಿದ್ದರೆ ಅದು ಗುಬ್ಬಿ ಎಂಜಲು, ದೋಷವಿಲ್ಲ. ನನಗೆ ಜ್ವರ ಬಂದು ಕುತ್ತಿಗೆಯಲ್ಲಿ ಗಂಟುಗಳೆದ್ದಾಗಲೂ ಹಂಚಿಕೊಂಡೇ ತಿಂದೆವು.

ಕೆಲವು ವಾರಗಳಲ್ಲಿ ಅಕ್ಕೋರ ಒಂದು ಕಣ್ಣು ಮಂಜಾಯಿತು, ಕಾಲು ಜೋಮು ಹಿಡಿಯಿತು. ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿಸಿ ಬಂದವರೇ ‘ಮಲ್ಟಿಪಲ್ ಸ್ಕ್ಲೆರೋಸಿಸ್’ ಎಂದು ಇಂಗ್ಲಿಷಿನಲ್ಲಿ ಹಲಗೆಯ ಮೇಲೆ ಬರೆದು, ಸ್ಪೆಲ್ಲಿಂಗ್ ನೋಡಲು ಇಂಗ್ಲಿಷ್ ಮಾಸ್ತರರನ್ನು ಕರೆದರು.

“ಏನ್ ರೋಗರೀ ಅಕ್ಕೋರ ಇದು?” ಎಂದು ನಾನು ಕೇಳಿದೆ.

“ಕಳ್ಳ ಕೆಂಪಂಗಿ ಹಾಕ್ಯಾನಂತ ಪೊಲೀಸರಿಗೆ ಹೇಳಿದ್ರ, ಕೆಂಪಂಗಿ ಹಾಕಿದ ಮನಿ ಯಜಮಾನನ್ನ ಹಿಡದ ಬಡದ್ರ ಹೆಂಗ? ರೋಗಾಣು ಕೊಲ್ಲಬೇಕಾದ ನನ್ನ ಪ್ರತಿಕಾಯಗಳು ಹಂಗ ಮಾಡಾಕ ಹತ್ಯಾವಂತ. ವೈರಸ್ ಅಂತ ತಿಳದು ನರದ ಹೊದಿಕೀನ ಕಡ್ಯಾಕ ಹತ್ಯಾವ. ಡಾಕ್ಟರ ಅಂದಾಜದು.”

“ಯಾವ ವೈರಸ್?”

“ಎಂಜಲದಾಗ ಹರಡೋದು ಒಂದದ. ಜ್ವರ, ಕುತ್ತಿಗ್ಯಾಗ ಗಂಟು... ಅದರ ಮ್ಯಾಲ ಅನುಮಾನ.”

ನಾನು ನನ್ನ ಕುತ್ತಿಗೆ ಮುಟ್ಟಿ ನೋಡಿಕೊಂಡೆ. “ಹಂಗಾರ ನಾನ...”

ಅಕ್ಕೋರು ಕುರ್ಚಿ ಅಲುಗುವಂತೆ ನಕ್ಕರು. “ಏ ಹುಚ್ಚಿ! ನನಗ ಆ ಜ್ವರ ಸವದತ್ತ್ಯಾಗ ಕಾಲೇಜಿಗೆ ಹೋಗುವಾಗನ ಬಂದ್ಹೋಗೇತಿ. ಇಷ್ಟ ದೊಡ್ಡ ರೋಗ ಕೊಡುವಷ್ಟ ದೊಡ್ಡಾಕಿ ಅಲ್ಲ ನೀ!”

ಹೀಗೇ ಅಂದರೋ, ಇಷ್ಟು ಚಂದವಾಗಿ ನಾನೇ ಜೋಡಿಸಿಕೊಂಡೆನೋ... ಮರುದಿನ ಹಣ್ಣು ಕೊಯ್ಯಲು ನಾನು ಚಾಕು ತಂದಿದ್ದು ಮಾತ್ರ ನಿಜ. ಅಕ್ಕೋರು ಅದನ್ನು ಕಿತ್ತುಕೊಂಡು ಡ್ರಾವರಿಗೆ ಎಸೆದರು. ತಮ್ಮ ಸೆರಗಿನಲ್ಲೇ ಹಣ್ಣು ಸುತ್ತಿ ಕಚ್ಚಿ, ಅರ್ಧ ನನ್ನ ಮುಂದೆ ಹಿಡಿದು “ತಿನ್ನ” ಅಂದರು. ತಿಂದೆ.

ಆಮೇಲೆ ನನಗೆ ರಾಮದುರ್ಗಕ್ಕೆ ವರ್ಗವಾಯಿತು. ಅಕ್ಕೋರು ಕೋಲು ಹಿಡಿದು ಇನ್ನೂ ಹಲವು ವರ್ಷ ಪಾಠ ಮಾಡಿದರಂತೆ. ಅವರು ತೀರಿಹೋದ ಸುದ್ದಿ ನನಗೆ ತಡವಾಗಿ ಸಿಕ್ಕಿತು, ಮಣ್ಣಿಗೂ ಹೋಗಲಾಗಲಿಲ್ಲ. ಅವರ ತಂಗಿಯನ್ನು ಕಂಡು ಆ ಕಾಲೇಜು ದಿನಗಳ ಜ್ವರದ ಬಗ್ಗೆ ಕೇಳಿದೆ.

“ಜ್ವರಾ? ನನಗೇನ ನೆನಪಿಲ್ರಿ” ಅಂದರು.

ಆ ವೈರಸ್ಸು ಹೆಚ್ಚುಕಡಿಮೆ ಎಲ್ಲರೊಳಗೂ ಸೇರುತ್ತದಂತೆ. ಕೆಲವರಿಗೇ ಯಾಕೆ ಹೀಗಾಗುತ್ತದೆ ಎಂಬುದು ವೈದ್ಯರಿಗೂ ಪೂರ್ತಿ ತಿಳಿದಿಲ್ಲ. ಸವದತ್ತಿಯ ಜ್ವರ ನಿಜವಾಗಿ ಬಂದಿತ್ತೋ, ನನಗಾಗಿ ಆ ಗಳಿಗೆಯಲ್ಲಿ ಅವರ ಬಾಯಲ್ಲಿ ಹುಟ್ಟಿತೋ, ನನಗೆ ಗೊತ್ತಿಲ್ಲ.