ಕ್ಯಾಸೆಟ್ಟಿನಲ್ಲಿ ಇಲ್ಲದ ಉಸಿರು

ಹಳೆಯ ಆಲ್ಬಮ್ಮುಗಳಿಗೆ ಹೊಸ ಹೊದಿಕೆ ಹಾಕಿ ಮತ್ತೆ ಮಾರಾಟಕ್ಕೆ ತರುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಇದ್ದುದನ್ನು ಇದ್ದ ಹಾಗೆ ಕೊಡಲಿಕ್ಕೆ ಇವರಿಗೇನು ಧಾಡಿ? ಹಾಡುಗಳ ಸಾಲು ಬದಲಿಸುತ್ತಾರೆ, ಮುಖಪುಟದ ಚಿತ್ರವನ್ನು ಬೆಂಕಿಪೊಟ್ಟಣದಷ್ಟು ಮಾಡುತ್ತಾರೆ, ಸಾಲದ್ದಕ್ಕೆ ಸದ್ದನ್ನೆಲ್ಲ ತಿಕ್ಕಿ ತೊಳೆದು ಸ್ವಚ್ಛ ಮಾಡುತ್ತಾರೆ. ಪಂಕ್ ರಾಕಿನಂಥ ಸಿಟ್ಟಿನ ಕೂಗಾಟದ ಸಂಗೀತವನ್ನು ಸ್ವಚ್ಛ ಮಾಡುವುದೆಂದರೆ ಮೆಣಸಿನಕಾಯಿ ತೊಳೆದು ಖಾರ ತೆಗೆದ ಹಾಗೆ. ಇಂಥದೊಂದು ಮರುಬಿಡುಗಡೆಯ ಕ್ಯಾಸೆಟ್ಟು ಎಂಬತ್ತರ ದಶಕದ ನಡುವೆ ನನ್ನನ್ನು ಎಷ್ಟು ಹೆದರಿಸಿತೆಂದರೆ, ಕೆಲವು ದಿನ ಸಿಟ್ಟು ಮಾಡುವುದನ್ನೂ ಮರೆತಿದ್ದೆ.

ಆ ಆಲ್ಬಮ್ಮಿನ ಹೆಸರು ಹೇಳುವುದಿಲ್ಲ. ಹೇಳಿದರೆ ಗೊತ್ತಿದ್ದವರು ಜಗಳಕ್ಕೆ ಬರುತ್ತಾರೆ, ಗೊತ್ತಿಲ್ಲದವರಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಎಪ್ಪತ್ತರ ದಶಕದ ಕೊನೆಗೆ ಅದು ನನ್ನ ಕಿವಿಗೆ ಬಿತ್ತು. ಆಗ ನಾನು ಡಿಪ್ಲೊಮಾ ಓದುತ್ತಿದ್ದೆ. ನಮ್ಮ ಮನೆ ಬೆಳಗಾವಿಯ ಖಾಸಬಾಗದಲ್ಲಿ. ಜೊತೆಗೆ ಓದುತ್ತಿದ್ದ ಗೆಳೆಯನ ಮನೆ ಕ್ಯಾಂಪಿನಲ್ಲಿ, ಒಂದು ಹಳೆಯ ಬಂಗಲೆಯ ಹಿಂಭಾಗದ ಎರಡು ಕೋಣೆಗಳಲ್ಲಿ. ಅವರು ಮೂಲತಃ ಗೋವೆಯ ಕಡೆಯವರು. ಹಡಗಿನಲ್ಲಿ ಕೆಲಸಕ್ಕಿದ್ದ ಅವನ ಅಣ್ಣ ರಜೆಗೆ ಬರುವಾಗ ಯಾವುದೋ ಬಂದರಿನಿಂದ ಆ ಗ್ರಾಮಫೋನ್ ಪ್ಲೇಟನ್ನು ತಂದಿದ್ದ. ತಂದವನಿಗೇ ಅದು ಹಿಡಿಸದೆ ತಮ್ಮನಿಗೆ ಕೊಟ್ಟುಬಿಟ್ಟಿದ್ದ.

ಮೊದಲ ಸಲ ಹಚ್ಚಿದಾಗ ಪ್ಲೇಯರು ಕೆಟ್ಟಿದೆಯೆಂದೇ ತಿಳಿದೆವು. ನಮ್ಮ ಮನೆಯಲ್ಲಿ ಬೆಳಗ್ಗೆ ವಚನ, ಸಂಜೆ ರೇಡಿಯೊದಲ್ಲಿ ಹಿಂದೂಸ್ತಾನಿ. ಒಂದು ರಾಗ ಮೈಮುರಿದು ಏಳಲಿಕ್ಕೇ ಅರ್ಧ ತಾಸು ಬೇಕು. ಇಲ್ಲಿ ಅರ್ಧ ತಾಸಿನಲ್ಲಿ ಇಡೀ ಆಲ್ಬಮ್ಮೇ ಮುಗಿದು, ಹಾಡುವವ ಎಲ್ಲರನ್ನೂ ಬೈದು ಮನೆಗೆ ಹೋಗಿರುತ್ತಿದ್ದ. ಅವನ ಇಂಗ್ಲಿಷು ನಮಗೆ ಕಾಲುಭಾಗವೂ ತಿಳಿಯುತ್ತಿರಲಿಲ್ಲ. ಆದರೆ ಸಿಟ್ಟು ಪೂರ್ತಿ ತಿಳಿಯುತ್ತಿತ್ತು. ಇಪ್ಪತ್ತರ ಹತ್ತಿರದ ವಯಸ್ಸು, ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು ನನ್ನಲ್ಲೂ ಬೇಕಾದಷ್ಟಿತ್ತು. ಅದನ್ನು ಹೀಗೆ ಬಾಯಿಬಿಟ್ಟು ಕೂಗಬಹುದು, ಕೂಗಿದರೆ ಹಾಡೂ ಆಗುತ್ತದೆ ಎಂಬುದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

ಆ ಆಲ್ಬಮ್ಮಿನ ಮೂರನೆಯ ಹಾಡಿನ ಮೇಲೆ ನನಗೆ ಪ್ರಾಣ. ಡ್ರಮ್ಮಿನವನು ಎರಡು ಕಡ್ಡಿ ಬಡಿದು ಲೆಕ್ಕ ಕೊಟ್ಟ ಮೇಲೆ, ಕೂಗು ಶುರುವಾಗುವ ಮುಂಚೆ, ಹಾಡುವವ ಒಮ್ಮೆ ಸರ್ರನೆ ಉಸಿರೆಳೆದುಕೊಳ್ಳುತ್ತಿದ್ದ. ಅಷ್ಟೇ. ಅದು ಹಾಡಿನ ಭಾಗವಲ್ಲ, ಯಾರೂ ಬರೆದದ್ದಲ್ಲ. ಆದರೆ ಆ ಉಸಿರು ಕೇಳಿದಾಗಲೆಲ್ಲ, ಸಮುದ್ರದಾಚೆ ಎಲ್ಲೋ ಒಂದು ಕೋಣೆಯಲ್ಲಿ ನನ್ನಂಥವನೇ ಒಬ್ಬ ಹುಡುಗ ನಿಂತಿದ್ದಾನೆ ಎಂದು ನನಗೆ ಅನಿಸುತ್ತಿತ್ತು. ಗೆಳೆಯನೂ ನಾನೂ ಅದಕ್ಕಾಗಿಯೇ ಸೂಜಿಯನ್ನು ಎತ್ತಿ ಎತ್ತಿ ಹಿಂದಿಡುತ್ತಿದ್ದೆವು.

ಇನ್ನು ನನ್ನ ಅಪ್ಪನ ಸಂಗತಿ ಹೇಳಬೇಕು. ಅವರು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಅಚ್ಚಿನಿಂದ ಹೊರಬಂದ ಕಬ್ಬಿಣದ ಅಂಚುಗಳನ್ನು ಉಳಿ ಸುತ್ತಿಗೆಯಿಂದ, ಆಮೇಲೆ ಗಾಳಿಯಿಂದ ಓಡುವ ಮಿಷನ್ನಿನಿಂದ ಕೆತ್ತುವ ಕೆಲಸದಲ್ಲಿದ್ದರು. ಆ ಸದ್ದಿನಲ್ಲಿ ವರ್ಷಗಟ್ಟಲೆ ನಿಂತು ಅವರ ಕಿವಿ ಹೋಗಿತ್ತು. ಮೊದಲು ಹೋದದ್ದು ಗುಬ್ಬಿಗಳ ದನಿ. ಗುಬ್ಬಿಗಳೇ ನಮ್ಮ ಓಣಿ ಬಿಟ್ಟು ಹೋಗಿವೆ ಎಂದು ಅವರು ಬಹಳ ದಿನ ತಿಳಿದಿದ್ದರು. ಒಂದು ದಿನ ಹಿತ್ತಲಲ್ಲಿ ಗುಬ್ಬಿಯೊಂದು ಬಾಯಿ ತೆರೆದು ಮುಚ್ಚುವುದನ್ನು ಕಂಡಾಗಲೇ ಅವರಿಗೆ ನಿಜ ಗೊತ್ತಾದದ್ದು. ಆಮೇಲೆ ಒಂದೊಂದಾಗಿ ಉಳಿದದ್ದೂ ಹೋಯಿತು. ನಾನು ಒಮ್ಮೊಮ್ಮೆ ಗೆಳೆಯನ ಪ್ಲೇಯರನ್ನು ಮನೆಗೆ ತಂದು ನನ್ನ ಹಾಡು ಹಚ್ಚಿದರೆ ಅವ್ವ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದಳು. ಅಪ್ಪ ನಗುತ್ತಿದ್ದರು. “ಇದೊಂದರಾಗ ನಾ ಪುಣ್ಯವಂತ ನೋಡ, ನನಗ ಏನೂ ಕೇಳಸಂಗಿಲ್ಲ” ಎನ್ನುತ್ತಿದ್ದರು.

ಡಿಪ್ಲೊಮಾ ಮುಗಿಸಿ ನಾನೂ ಉದ್ಯಮಬಾಗಕ್ಕೇ ಹೋದೆ. ಅಪ್ಪ ಬೇಡವೆಂದರು. ನನ್ನದು ಸಾಮಾನು ಪರೀಕ್ಷಿಸುವ ಕೆಲಸ, ಕೆತ್ತುವುದಲ್ಲ ಎಂದು ವಾದ ಹೂಡಿದೆ. ಖರೇ, ನಾನು ಕೆತ್ತುತ್ತಿರಲಿಲ್ಲ. ಆದರೆ ಕೆತ್ತುವವರ ಬಾಜುವಿನಲ್ಲೇ ದಿನವಿಡೀ ನಿಲ್ಲಬೇಕಿತ್ತು. ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೆ, ಮಾತಾಡುವಾಗ ತೆಗೆಯುತ್ತಿದ್ದೆ, ತೆಗೆದದ್ದನ್ನು ಎಲ್ಲೋ ಇಟ್ಟು ಮರೆಯುತ್ತಿದ್ದೆ. ಇತ್ತ ಗೆಳೆಯನಿಗೆ ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅವನ ಜೊತೆ ಪ್ಲೇಯರೂ ಹೋಯಿತು, ಪ್ಲೇಟೂ ಹೋಯಿತು. ವರ್ಷಗಳ ಕಾಲ ನಾನು ಆ ಆಲ್ಬಮ್ಮನ್ನು ಬರೀ ತಲೆಯಲ್ಲಿಯೇ ಕೇಳಿದೆ.

ಹೀಗಿರುವಾಗ ಒಂದು ಸಂಜೆ ಖಡೇಬಜಾರದ ಕ್ಯಾಸೆಟ್ ಅಂಗಡಿಯಲ್ಲಿ, ಭಜನೆಗಳಿಗೂ ಡಿಸ್ಕೊ ಹಾಡುಗಳಿಗೂ ನಡುವೆ, ಅದೇ ಮುಖಪುಟ ಪುಟ್ಟದಾಗಿ ಕಂಡಿತು. ಅಂಗಡಿಯವರು ಧೂಳು ಒರೆಸಿ ಕೊಟ್ಟರು.

“ಇದನ್ನ ಯಾರೂ ಒಯ್ಯಂಗಿಲ್ರೀ. ನೀವರೆ ಒಯ್ರಿ, ಜಾಗಾ ಖಾಲಿ ಆಗ್ತದ.”

ಮನೆಗೆ ಬಂದು ಅಂಗಿಯನ್ನೂ ಬಿಚ್ಚದೆ ಟೇಪ್‌ರೆಕಾರ್ಡರಿನ ಮುಂದೆ ಕೂತೆ. ಮೊದಲ ಹಾಡು ಯಾಕೋ ಕಂಬಳಿ ಹೊದ್ದುಕೊಂಡು ಬಂದಂತಿತ್ತು. ಎರಡನೆಯದೂ ಹಾಗೆಯೇ. ಮೂರನೆಯದು ಬಂತು. ಕಡ್ಡಿ ಬಡಿದ ಸದ್ದು ಇದ್ದೂ ಇಲ್ಲದಂತೆ ಕೇಳಿಸಿತು. ಅದರ ಬೆನ್ನಿಗೇ ಕೂಗು. ಉಸಿರು ಇರಲಿಲ್ಲ. ಹಿಂದೆ ತಿರುಗಿಸಿ ಹಚ್ಚಿದೆ. ಕಿವಿಯನ್ನು ಸ್ಪೀಕರಿಗೆ ಒತ್ತಿ ಹಚ್ಚಿದೆ. ಇರಲಿಲ್ಲ.

ಬೇರೆ ಯಾರಾದರೂ ಕ್ಯಾಸೆಟ್ಟನ್ನು ಬೈದು ಸುಮ್ಮನಾಗುತ್ತಿದ್ದರು. ನನಗೆ ನೆನಪಾದದ್ದು ಗುಬ್ಬಿಗಳು. ಸಣ್ಣ ಸದ್ದು, ಚೂಪು ಸದ್ದು, ಅವೇ ಮೊದಲು ಹೋಗುವುದು. ಅಪ್ಪನಿಗೆ ಗುಬ್ಬಿ ಹೋದ ಹಾಗೆ ನನಗೆ ಆ ಹುಡುಗನ ಉಸಿರು ಹೋಯಿತು ಎಂದುಕೊಂಡೆ.

ಅಂದಿನಿಂದ ನನ್ನದು ಒಂದೇ ಹುಚ್ಚು. ಹಿತ್ತಲಲ್ಲಿ ಗುಬ್ಬಿಗಳ ಮುಂದೆ ನಿಂತು ಅವುಗಳ ಬಾಯಿ ನೋಡುವುದು. ಕೇಳಿಸುತ್ತಿತ್ತು. ಆದರೆ ಪೂರಾ ಕೇಳಿಸುತ್ತಿದೆಯೋ ಅರ್ಧವೋ ಹೇಗೆ ಗೊತ್ತಾಗಬೇಕು? ಕುಕ್ಕರಿನ ಸೀಟಿ ಮೊದಲಿನಷ್ಟು ಚೂಪಾಗಿದೆಯೇ? ಸೈಕಲ್ಲಿನ ಗಂಟೆ ಮೊದಲು ಹೀಗೇ ಇತ್ತೇ? ಮೊದಲು ಹೇಗಿತ್ತೆಂದು ಯಾರು ಬರೆದಿಟ್ಟುಕೊಂಡಿರುತ್ತಾರೆ? ಡಾಕ್ಟರ ಹತ್ತಿರ ಹೋಗಬಹುದಿತ್ತು. ಆದರೆ ಅಪ್ಪನನ್ನು ಡಾಕ್ಟರ ಹತ್ತಿರ ಕರೆದೊಯ್ದವನು ನಾನೇ. ಹೋದದ್ದು ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಪಕ್ಕದಲ್ಲಿ ಕೂತಿದ್ದವನೂ ನಾನೇ. ಆ ಮಾತನ್ನು ನನ್ನ ಪಾಲಿಗೆ ಕೇಳುವ ಧೈರ್ಯ ನನಗಿರಲಿಲ್ಲ. ಮನೆಯಲ್ಲಿ ಹೇಳಲಂತೂ ಬಾಯೇ ಬರಲಿಲ್ಲ. ಅಪ್ಪ ಬೇಡವೆಂದ ಕಡೆಗೇ ಹೋದವನು ಯಾವ ಮುಖ ಇಟ್ಟುಕೊಂಡು ಹೇಳಲಿ?

ಉಳಿದದ್ದು ಒಂದೇ ದಾರಿ. ಮೂಲ ಪ್ಲೇಟು ಖಾನಾಪುರದಲ್ಲಿದೆ. ಅದರಲ್ಲಿ ಉಸಿರು ಇದ್ದೇ ಇದೆ, ಅದಕ್ಕೆ ನಾನೇ ಸಾಕ್ಷಿ. ಹೋಗಿ ಕೇಳುವುದು. ಕೇಳಿಸಿದರೆ ಕ್ಯಾಸೆಟ್ಟು ಕೆಟ್ಟದ್ದು, ಕೇಳಿಸದಿದ್ದರೆ ನನ್ನ ಕಿವಿ ಕೆಟ್ಟದ್ದು. ರಜೆಯ ದಿನ ಕ್ಯಾಸೆಟ್ಟನ್ನು ಜೇಬಿಗಿಳಿಸಿ ಕೆಂಪು ಬಸ್ಸು ಹತ್ತಿದೆ. ಬಸ್ಸಿನ ಕಿಟಕಿಗಳು ದಾರಿಯುದ್ದಕ್ಕೂ ಗಡಗಡ ಅನ್ನುತ್ತಿದ್ದವು. ಇಂದೊಂದು ದಿನವಾದರೂ ಕಿವಿಗೆ ವಿಶ್ರಾಂತಿ ಇರಲಿ ಎಂದು ಎರಡೂ ಬೆರಳು ಕಿವಿಯಲ್ಲಿಟ್ಟುಕೊಂಡೇ ಕೂತೆ. ಬಾಜುವಿನ ಅಜ್ಜಿ, ಬಸ್ಸು ಆಗಿಬರುವುದಿಲ್ಲವೇನೋ ಎಂದು ಮರುಗಿ ನನಗೊಂದು ಲಿಂಬೆಹಣ್ಣು ಕೊಟ್ಟಳು.

ಗೆಳೆಯ ಕಾರ್ಖಾನೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಒಬ್ಬನೇ ಇದ್ದ. ಅಂಗಳದ ತುಂಬ ಕೆಂಪು ಮಣ್ಣಿನ ಧೂಳು. ಪ್ಲೇಟು ಕೇಳಬೇಕೆನಿಸಿತು, ಬಂದೆ ಎಂದಷ್ಟೇ ಹೇಳಿದೆ. ಅವನು ಜೋರಾಗಿ ನಕ್ಕ.

“ಚಲೋ ದಿನಾ ನೋಡಿ ಬಂದಿ. ಮುಂಜಾನಿಂದ ಕರೆಂಟ್ ಇಲ್ಲ.”

ನನ್ನ ಮುಖ ಹೇಗಾಗಿತ್ತೋ ಏನೋ, ಅವನ ನಗು ಅಲ್ಲಿಗೇ ನಿಂತಿತು. ಕರೆಂಟು ಯಾವಾಗ ಬರುತ್ತದೆಂದು ಕೇಳಿದೆ. ಇಲ್ಲಿ ಅದನ್ನು ಕೇಳುವ ಪದ್ಧತಿಯೇ ಇಲ್ಲ ಎಂದ. ನಾನು ಕಟ್ಟೆಯ ಮೇಲೆ ಕುಸಿದು ಕೂತೆ. ಅವನು ಒಳಗೆ ಹೋಗಿ ಪ್ಲೇಯರನ್ನು ಎತ್ತಿ ತಂದು ನನ್ನ ಮುಂದೆ ಇಟ್ಟ. ಪ್ಲೇಟು ಹೊರತೆಗೆದು ಅಂಗಿಯ ತುದಿಯಿಂದ ಒರೆಸಿದ.

“ಕರೆಂಟ್ ಇಲ್ಲಂದ್ರ ಏನಾತಲೇ, ಬೆರಳ ಐತಲ್ಲ.”

ಮೂರನೆಯ ಹಾಡಿನ ಗೆರೆಗೆ ಸೂಜಿ ಇಟ್ಟು, ಪ್ಲೇಟಿನ ಮೇಲೆ ಬೆರಳಿಟ್ಟು ಅವನು ಅದನ್ನು ತಿರುಗಿಸತೊಡಗಿದ. ಸ್ಪೀಕರಿಗೆ ಜೀವವಿರಲಿಲ್ಲ. ಆದರೆ ಸೂಜಿ ತಾನೇ ಪ್ಲೇಟಿನ ಗೆರೆಯಲ್ಲಿ ಉಜ್ಜಿಕೊಂಡು ಸಣ್ಣಗೆ, ಬಹಳ ಸಣ್ಣಗೆ ಹಾಡುತ್ತಿತ್ತು. ಕಿವಿಯನ್ನು ಸೂಜಿಯ ಹತ್ತಿರಕ್ಕೆ ಬಗ್ಗಿಸಿ ಉಸಿರು ಬಿಗಿಹಿಡಿದೆ. ಬೆರಳು ನಿಧಾನವಾದಾಗ ಹಾಡುವವ ಎಮ್ಮೆಯಂತೆ ಒದರಿದ, ಜೋರಾದಾಗ ಸೊಳ್ಳೆಯಾದ. “ಸಮಾ ತಿರುವಲೇ” ಎಂದೆ. ಅವನು ನಾಲಿಗೆ ಕಚ್ಚಿಕೊಂಡು, ಸೂಜಿಯನ್ನು ಹಿಂದಿಟ್ಟು, ಮತ್ತೆ ತಿರುಗಿಸಿದ. ಕಡ್ಡಿಯ ಸದ್ದು ಇರುವೆಯ ಹೆಜ್ಜೆಯಷ್ಟು ಬಂತು. ಅದರ ಹಿಂದೆ, ಸರ್ರನೆ, ಆ ಹುಡುಗ ಉಸಿರೆಳೆದುಕೊಂಡ.

ಕೇಳಿಸಿತು. ಸ್ಪೀಕರಿಲ್ಲದೆ, ಕರೆಂಟಿಲ್ಲದೆ, ಬರೀ ಸೂಜಿಯ ತುದಿಯಿಂದ ಬಂದ ಉಸಿರು ನನಗೆ ಕೇಳಿಸಿತು. ಇನ್ನೊಮ್ಮೆ ತಿರುಗಿಸು ಎಂದೆ. ಮತ್ತೆ ಕೇಳಿಸಿತು. ಅಷ್ಟು ದಿನ ಎದೆಯ ಮೇಲೆ ಹೊತ್ತಿದ್ದ ಬಂಡೆಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತೆ ಆಯಿತು. ಕಣ್ಣಲ್ಲಿ ನೀರು ಬಂತು, ನಾಚಿಕೆಯೇನೂ ಆಗಲಿಲ್ಲ.

“ಯಾಕಲೇ ಅಳಾಕತ್ತಿ? ಹಾಡ ಅಷ್ಟ ಚಲೋ ಅನಸ್ತೇನು?”

ಆಗ ಎಲ್ಲವನ್ನೂ ಹೇಳಿದೆ. ಅಪ್ಪ, ಗುಬ್ಬಿ, ಕ್ಯಾಸೆಟ್ಟು, ಎಲ್ಲ. ಅವನು ಸೂಜಿಯನ್ನು ಎತ್ತಿಟ್ಟ. ಆಮೇಲೆ ನನ್ನ ತಲೆಗೊಂದು ಮೊಟಕಿದ.

“ಮಂಗ್ಯಾನಂಥವನ, ಕಿವಿ ಬರೋಬ್ಬರಿ ಅದಾವು. ತಲಿ ತೋರಸ್ಕೊ.”

ಸಂಜೆಗೆ ಕರೆಂಟು ಬಂತು. ಅವನ ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ಟು ಹಾಕಿದೆವು. ಮೂರನೆಯ ಹಾಡು ಬಂದಾಗ ಅವನ ಹುಬ್ಬು ಗಂಟಿಕ್ಕಿತು.

“ಉಸಿರ ಎಲ್ಲೈತಿ? ಕತ್ತರಿಸಿ ಒಗದಾರಲ್ಲ. ಹಾಡಾಂವ ಉಸಿರಾಡೂದೂ ಇವರಿಗೆ ಗಲೀಜ ಅನಿಸ್ತೇನೊ.”

ಅದನ್ನು ಅವನ ಬಾಯಿಂದ ಕೇಳಿದ ಮೇಲೆ ಉಳಿದ ಒಂದು ಎಳೆ ಸಂಶಯವೂ ಹೋಯಿತು. ಪ್ಲೇಟನ್ನು ಪ್ಲೇಯರಿನಲ್ಲಿ ಹಾಕಿ, ಪೂರಾ ದನಿಯಲ್ಲಿ, ಎರಡೂ ಬದಿ ಕೇಳಿದೆವು. ಬಾಜುಮನೆಯವರು ಕಿಟಕಿ ಮುಚ್ಚಿದ ಸದ್ದೂ ನನಗೆ ಸ್ಪಷ್ಟ ಕೇಳಿಸಿತು. ಕೊನೆಯ ಬಸ್ಸಿಗೆ ಮುಂಚಿನ ಬಸ್ಸು ಹಿಡಿದು, ಗಡಗಡ ಅನ್ನುವ ಕಿಟಕಿಗೆ ತಲೆಯಾನಿಸಿ, ಹಾಯಾಗಿ ನಿದ್ದೆ ಮಾಡುತ್ತ ಬೆಳಗಾವಿಗೆ ಬಂದೆ.

ಅವ್ವ ರೊಟ್ಟಿ ಬಡಿಯುತ್ತಿದ್ದಳು, ಅಪ್ಪ ಹೊರಸಿನ ಮೇಲೆ ಕೂತಿದ್ದರು. ಅಷ್ಟು ಹಗುರಾಗಿದ್ದೆನಲ್ಲ, ಬಾಯಿ ತಡೆಯಲಿಲ್ಲ. ಒಲೆಯ ಹತ್ತಿರ ಕೂತು ಅವ್ವನಿಗೆ ಎಲ್ಲ ಹೇಳಿಬಿಟ್ಟೆ. ಅವಳು ರೊಟ್ಟಿ ತಿರುವಿಹಾಕಿ ನನ್ನನ್ನು ನೋಡಿದಳು.

“ಇದನ್ನ ಕೇಳಾಕ ಖಾನಾಪುರಕ್ಕ ಹೋಗಿದ್ದಿ? ನನ್ನ ಕೇಳಿದ್ರ ನಾ ಹೇಳ್ತಿದ್ನಿಲ್ಲೇನು?”

“ನಿನಗೇನ್ ಗೊತ್ತಾಗ್ತದವ್ವಾ?”

“ದಿನಾ ನೀ ಕೆಲಸದಿಂದ ಬಂದ ಕೂಡ್ಲೆ ನಾ ಒಲಿ ಕಡೆ ಮಾರಿ ಮಾಡಿ, ಬಾಯಾಗ ಅಂದ್ಕೊಂಡಂಗ, ಚಹಾಕ್ಕ ಸಕ್ರಿ ಎಷ್ಟ ಹಾಕ್ಲಿ ಅಂತ ಕೇಳ್ತೀನೋ ಇಲ್ಲೋ?”

“ಕೇಳ್ತಿ.”

“ಮಗ ಎಷ್ಟ ಸಕ್ರಿ ಕುಡೀತಾನಂತ ಹೆತ್ತಾಕಿಗೆ ಗೊತ್ತಿರಂಗಿಲ್ಲೇನೋ, ಹುಚ್ಚಪ್ಪಾ?”

ಅವಳು ಹಿಟ್ಟು ನಾದುತ್ತ ಹೇಳಿದಳು: “ಹೀಂಗ ಕೇಳಂತ ನಿಮ್ಮಪ್ಪಾನ ಹೇಳ್ಯಾರ. ನೀ ಉದ್ಯಮಬಾಗಕ್ಕ ಕಾಲಿಟ್ಟ ದಿನಾನ ಹೇಳ್ಯಾರ. ದಿನಾ ಒಂದ ಸಲ ಸಣ್ಣ ದನೀಲೆ ಮಾತಾಡ್ಸಿ ನೋಡು, ಉತ್ತರ ಬರಲಿಲ್ಲಂದ್ರ ನನಗ ಹೇಳು ಅಂತ.”

ದಿನವೂ ಸಂಜೆ ನನಗೆ ಚಹಾ ಕೊಟ್ಟ ಮೇಲೆ ಅವ್ವ ಅಪ್ಪನ ಕಡೆ ನೋಡಿ ತಲೆಯಾಡಿಸುತ್ತಿದ್ದಳು. ಗಂಡಹೆಂಡಿರ ನಡುವೆ ಏನೋ ಇರುತ್ತದೆ ಎಂದು ನಾನು ಅದರ ಬಗ್ಗೆ ಎಂದೂ ಯೋಚಿಸಿರಲಿಲ್ಲ. ಏನು ಮಾತು ನಡೆದಿದೆ ಎಂದು ಅಪ್ಪ ಹೊರಸಿನಿಂದಲೇ ಕೇಳಿದರು. ಅವ್ವ ಹೋಗಿ ಅವರ ಕಿವಿಗೆ ಬಾಯಿಟ್ಟು ಕೂಗಿ ಹೇಳಿದಳು. ಅವರು ನನ್ನನ್ನು ನೋಡಿ, ತಮ್ಮ ಎಂದಿನ ದೊಡ್ಡ ದನಿಯಲ್ಲಿ ಅಂದರು:

“ಒಂದ ದಿನಾ ಉತ್ತರ ತಪ್ಪಿದ್ರ, ಮರುದಿನಾನ ನಿನ್ನ ಕೆಲಸಾ ಬಿಡಸಾಂವಿದ್ದೆ. ಹಾಡ ಬಿಡಸ್ತಿರಲಿಲ್ಲ.”

ಮರುದಿನ ಕೆಲಸದಿಂದ ಬಂದು ಚಪ್ಪಲಿ ಬಿಟ್ಟು ಒಳಗೆ ಕೂತೆ. ಅಪ್ಪ ಹೊರಸಿನ ಮೇಲಿದ್ದರು. ಗುಟ್ಟು ಹೊರಬಿದ್ದ ಮೇಲೂ ಅವ್ವ ಒಲೆಯ ಕಡೆ ಮುಖ ಮಾಡಿ, ತುಟಿ ಅಲುಗಿತೋ ಇಲ್ಲವೋ ಎನ್ನುವಷ್ಟು ಸಣ್ಣಗೆ, ಸಕ್ಕರೆ ಎಷ್ಟು ಹಾಕಲಿ ಎಂದಳು. ಎರಡು ಚಮಚ ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ, ಅಪ್ಪನಿಗೂ ಕೇಳಲಿ ಎಂದು.